ಹದಿನಾರು ದಿನದ ಜ್ವರ

ಕೂರುವುದೋ ನಿಲ್ಲುವುದೋ ತಿಳಿಯದೆ ಚಂದ್ರಶೇಖರಯ್ಯ ಮುಸಾಫರಿ ಬಂಗಲೆಯ ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟುಕೊಂಡಿದ್ದ. ಜಗಲಿಯ ಮೇಲೆ ಒಂದು ಬೆಂಚು ಇತ್ತು, ಖಾಲಿಯೂ ಇತ್ತು. ಆದರೆ ಅದು ಹಳ್ಳಿ ಮೇಷ್ಟರುಗಳಿಗೆ ಹಾಕಿದ್ದೋ, ಅಮಲ್ದಾರರಂಥವರು ಬಂದರೆ ಇರಲಿ ಅಂತ ಹಾಕಿದ್ದೋ ಯಾರೂ ಹೇಳಿರಲಿಲ್ಲ. ಹನ್ನೊಂದು ವರ್ಷ ಸರ್ಕಾರದ ಶಾಲೆಯಲ್ಲಿ ಪಾಠ ಹೇಳಿದ ಮೇಲೂ ಒಂದು ಬೆಂಚಿನ ಮುಂದೆ ಹೀಗೆ ಅನುಮಾನಿಸುತ್ತ ನಿಂತಿರುವ ತನ್ನ ಬಗ್ಗೆ ಅವನಿಗೆ ಅಸಹ್ಯವಾಯಿತು. ಕಂಕುಳಲ್ಲಿ ಹಾಜರಿ ಪುಸ್ತಕ. ಬೆಳಿಗ್ಗೆ ಗುಂಡಗಲ್ಲಿನಿಂದ ಪುರವರದ ತನಕ ಮೂರು ಮೈಲಿ ನಡೆದು, ಅಲ್ಲಿಂದ ಸರ್ವಿಸ್ ಬಸ್ಸು ಹತ್ತಿ ಮಧುಗಿರಿಗೆ ಬಂದು ಇಳಿಯುವವರೆಗೂ ಅದನ್ನು ಕಂಕುಳಿಂದ ತೆಗೆದಿರಲಿಲ್ಲ. ರಟ್ಟಿನ ಅಂಚು ಬೆವರಿಗೆ ನೆನೆದು ಮೆತ್ತಗಾಗಿತ್ತು. ಎದುರಿಗೆ ಬೆಟ್ಟ ಬಿಸಿಲಿಗೆ ಕಾಯುತ್ತಿತ್ತು. ಕೆಳಗೆ ಬೇವಿನ ಮರದ ನೆರಳಿನಲ್ಲಿ ಓಬಳಯ್ಯ ಕುಕ್ಕುರುಗಾಲಿನಲ್ಲಿ ಕೂತಿದ್ದ, ಪಕ್ಕದಲ್ಲಿ ಅವನ ಮಗಳು ಕದರಮ್ಮ. ಹುಡುಗಿ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದಿದ್ದಳು. ಅವಳು ಆಗಾಗ ಜಗಲಿಯ ಕಡೆ ನೋಡುತ್ತಿದ್ದಳು, ನೋಡಿದಾಗಲೆಲ್ಲ ಚಂದ್ರಶೇಖರಯ್ಯ ಬೆಟ್ಟದ ಕಡೆ ನೋಡುತ್ತಿದ್ದ.

ಒಳಗೆ ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಇನ್ಸ್‌ಪೆಕ್ಟ್ರೆಸ್ ನಾಗರತ್ನಮ್ಮನವರು ಮೊಕ್ಕಾಂ ಮಾಡಿದ್ದರು. ಈ ಸುತ್ತಿನ ನಾಲ್ಕು ತಾಲ್ಲೂಕುಗಳಲ್ಲಿ ಸ್ಕಾಲರ್‌ಶಿಪ್ ಪಡೆಯುವ ಹೆಣ್ಣುಮಕ್ಕಳನ್ನು ಕಣ್ಣಾರೆ ಕಂಡು, ಹಾಜರಿ ನೋಡಿ, ಮುಂದಿನ ವರ್ಷಕ್ಕೂ ಕೊಡಬೇಕೋ ಬೇಡವೋ ಎಂದು ಬರೆಯುವುದು ಆಕೆಯ ಕೆಲಸ. ಶಿರಾ, ಪಾವಗಡದ ಕಡೆಯವರನ್ನು ನಿನ್ನೆ ಮುಗಿಸಿದ್ದರಂತೆ. ಆಕೆಯ ಗುಮಾಸ್ತ ರೇಣುಕಯ್ಯ ಅರ್ಧ ಗಂಟೆಯ ಹಿಂದೆ ಬಂದು ಹಾಜರಿ ಪುಸ್ತಕವನ್ನು ನಿಂತಲ್ಲೇ ತಿರುವಿ, ಒಂದು ಪುಟಕ್ಕೆ ಬೆರಳಿಟ್ಟು, "ಇದಕ್ಕೆ ಡಾಕ್ಟರ ಸರ್ಟಿಫಿಕೇಟು?" ಎಂದಿದ್ದ. ಇಲ್ಲ ಅಂದಾಗ ಅವನು ಬೈಯಲಿಲ್ಲ, ಗದರಲಿಲ್ಲ. ನಾಲಗೆಯನ್ನು ಹಲ್ಲಿಗೆ ತಾಗಿಸಿ ಒಂದು ಸದ್ದು ಮಾಡಿದ, ಅಷ್ಟೆ. "ಹದಿನೈದು ದಿನ ದಾಟಿದ ಗೈರುಹಾಜರಿ ಕಾಹಿಲೆಯದ್ದಾದರೆ ಸರ್ಟಿಫಿಕೇಟು ಬೇಕು, ಬೇರೆ ಕಾರಣ ಆದರೆ ಅಮ್ಮಾವರು ಒಪ್ಪಬೇಕು. ಎರಡೂ ಇಲ್ಲದಿದ್ದರೆ ನಿಂತುಹೋಗುತ್ತೆ. ನಿಮಗೆ ಗೊತ್ತಿಲ್ಲದ್ದಲ್ಲವಲ್ಲ." ಗೊತ್ತಿಲ್ಲದ್ದಲ್ಲ. ಆ ಪುಟದಲ್ಲಿ ಕದರಮ್ಮನ ಹೆಸರಿನ ಎದುರಿಗೆ, ನಡುವಿನ ಭಾನುವಾರಗಳೂ ಸೇರಿ, ಗೆರೆ ಎಳೆದ ಹದಿನಾರು ಮನೆಗಳಲ್ಲಿ ಒಂದೇ ಮಾತನ್ನು ಅವನೇ ತನ್ನ ಕೈಯಾರೆ, ದುಂಡು ಅಕ್ಷರದಲ್ಲಿ ಬರೆದಿದ್ದ. ಜ್ವರ, ಜ್ವರ, ಜ್ವರ.

ಸ್ಕಾಲರ್‌ಶಿಪ್ ನಿಂತರೆ ಏನಾಗುತ್ತದೆ ಅನ್ನುವುದೂ ಗೊತ್ತಿತ್ತು. ಎರಡು ವರ್ಷದ ಹಿಂದೆ, ಹುಡುಗಿಯನ್ನು ಶಾಲೆ ಬಿಡಿಸಿ ಕುರಿ ಹಿಂದೆ ಕಳಿಸುತ್ತೇನೆ ಅಂದ ಓಬಳಯ್ಯನ ಮನೆಗೆ ತಾನೇ ಹೋಗಿ ಜಗಲಿಯ ಮೇಲೆ ಕೂತು ವಾದಿಸಿದ್ದ. "ಓದುಸ್ಬೇಕು ಅಂತ ನಂಗೂ ಆಸೆ ಐತೆ ಸ್ವಾಮಿ. ಆದ್ರೆ ಇವ್ಳು ಇಸ್ಕೂಲ್ಗೋದ್ರೆ ಕುರಿ ಮೇಯ್ಸಾಕೆ ಇನ್ನೊಬ್ಬನ್ನ ಇಟ್ಕಬೇಕು, ಅವ್ನ ಹೊಟ್ಟೆಗೇನು ಮಣ್ಣಾಕ್ಲಾ?" ಎಂದಿದ್ದ ಓಬಳಯ್ಯ. ಅರ್ಜಿ ಬರೆದದ್ದು, ಮಧುಗಿರಿಗೆ ಮೂರು ಸಲ ಅಲೆದದ್ದು, ಮಂಜೂರಾದ ಹುಕುಂ ಬಂದ ದಿನ ಓಬಳಯ್ಯ ಆ ಕಾಗದವನ್ನು ತಿರುಗಾಮುರುಗಾ ಹಿಡಿದು ನೋಡಿ, "ಹೆಣ್ಣು ಮಕ್ಕಳು ಓದಿದ್ರೆ ದೊರೆಗಳೇ ಸಂಬಳ ಕೊಡ್ತಾರಲ್ಲ, ಇದೆಂತಾ ಕಾಲ ಸ್ವಾಮಿ" ಎಂದು ಕಣ್ಣು ಒರೆಸಿಕೊಂಡದ್ದು, ಎಲ್ಲ ನೆನಪಾಯಿತು. ಆವತ್ತಿನಿಂದ ಕುರಿಗೆ ಬೇರೆಯವರು ಬಂದರು, ಹುಡುಗಿ ಮತ್ತೆ ಸ್ಲೇಟು ಹಿಡಿದಳು. ಈಗ ಅವಳ ಸೋದರಮಾವ ಬೊಮ್ಮಣ್ಣ, ಮೂವತ್ತು ದಾಟಿದವನು, ಎರಡನೆಯ ಸಂಬಂಧಕ್ಕೆ ಅಕ್ಕನ ಮಗಳೇ ಬೇಕು ಅಂತ ಕೂತಿದ್ದ. ಓಬಳಯ್ಯ ಅವನ ಬಾಯಿ ಮುಚ್ಚಿಸುತ್ತಿದ್ದದ್ದು ಒಂದೇ ಮಾತಿನಿಂದ: "ಸರ್ಕಾರದ ದುಡ್ಡು ಬರೋಗಂಟ ಓದ್ಲಿ ತಡಿ." ದುಡ್ಡು ನಿಂತರೆ ಮಾಘಮಾಸದೊಳಗೆ ಮದುವೆ. ಇದರಲ್ಲಿ ಬಿಡಿಸಿಕೊಳ್ಳುವ ಗಂಟು ಏನೂ ಇರಲಿಲ್ಲ.

ಆ ಹದಿನಾರು ಮನೆಗಳಲ್ಲಿ ಮೊದಲನೆಯದನ್ನು ತುಂಬಿದ್ದು ಆಷಾಢದ ಒಂದು ಸೋಮವಾರ. ಹೆಸರು ಕೂಗುತ್ತ ಬಂದು "ಕದರಮ್ಮ" ಅಂದಾಗ ಹೆಣ್ಣುಮಕ್ಕಳ ಸಾಲಿನಲ್ಲಿ ಕಿಸಿಕಿಸಿ ನಗು ಎದ್ದಿತ್ತು. ಯಾಕೆ ಬಂದಿಲ್ಲ ಅಂದರೆ ಎಲ್ಲರೂ ತಲೆ ತಗ್ಗಿಸಿದರು. ಗಂಡುಹುಡುಗರಲ್ಲಿ ಒಬ್ಬ ಮಾತ್ರ, ಏನೂ ಅರಿಯದವನು, "ಅವ್ಳು ಗುಡ್ಲಾಗವ್ಳೆ ಮೇಷ್ಟ್ರೇ" ಅಂದುಬಿಟ್ಟ. ಚಂದ್ರಶೇಖರಯ್ಯನ ಕಿವಿ ಬಿಸಿಯಾಯಿತು. ಊರಿನಲ್ಲಿ ಹುಡುಗಿ ದೊಡ್ಡವಳಾದರೆ ಸೋದರಮಾವ ಹಸಿ ಸೊಪ್ಪಿನ ಗುಡ್ಲು ಹಾಕುವುದು, ಹದಿನಾರು ದಿನ ಅವಳನ್ನು ಅದರೊಳಗೆ ಕೂರಿಸಿ ಕೊಬ್ಬರಿ, ಎಳ್ಳುಂಡೆ ತಿನ್ನಿಸುವುದು, ಗಂಡಸರು ಅವಳ ಮುಖ ನೋಡದೆ ದೂರದಿಂದ ಹಾದುಹೋಗುವುದು ಅವನು ಕಾಣದ್ದಲ್ಲ. ಆದರೆ ಪುಸ್ತಕದಲ್ಲಿ ಕಾರಣ ಅಂತ ಒಂದು ಮನೆ ಇರುತ್ತದಲ್ಲ, ಅದರ ಮುಂದೆ ಲೇಖನಿ ನಿಂತುಹೋಯಿತು. ಏನು ಬರೆಯಬೇಕು? ಬರೆದದ್ದನ್ನು ಯಾರು ಯಾರು ಓದುತ್ತಾರೆ? ಒಬ್ಬ ಗಂಡಸು ಮೇಷ್ಟರು ಒಂದು ಹೆಣ್ಣುಹುಡುಗಿಯ ಮೈಯ ಸಂಗತಿಯನ್ನು ಸರ್ಕಾರದ ಪುಸ್ತಕದಲ್ಲಿ ಬರೆಯುವುದು ಅಂದರೆ! ಜ್ವರ ಅಂದರೆ ಯಾರಿಗೂ ನೋವಿಲ್ಲ, ಯಾರ ಮರ್ಯಾದೆಗೂ ಕುಂದಿಲ್ಲ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಮೊದಲ ದಿನ ಬರೆದ ಮೇಲೆ ಎರಡನೆಯ ದಿನಕ್ಕೆ ಬೇರೆ ಕಾರಣ ಬರೆಯುವಂತೆಯೂ ಇರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಅವನು ಇವತ್ತು ಇಷ್ಟು ಕುಗ್ಗುತ್ತಿರಲಿಲ್ಲ. ಗುಡ್ಲು ಹಾಕಿದ್ದು ಊರ ಹೊರಗೆ, ಓಬಳಯ್ಯನ ಕಡಲೆಕಾಯಿ ಹೊಲದ ಬದುವಿನಲ್ಲಿ, ಅವನು ದಿನಾ ಶಾಲೆಗೆ ಹೋಗುವ ಕಾಲುದಾರಿಯ ಪಕ್ಕಕ್ಕೇ. ಹೊಂಗೆ ಸೊಪ್ಪು ಎರಡು ದಿನಕ್ಕೆ ಬಾಡಿತು, ನಾಲ್ಕು ದಿನಕ್ಕೆ ಕಂದಿತು. ಅವನು ತಲೆ ತಗ್ಗಿಸಿ, ಕೊಡೆಯನ್ನು ಆ ಕಡೆಗೆ ವಾರೆಯಾಗಿ ಹಿಡಿದು ಹೋಗುತ್ತಿದ್ದ. ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಆಷಾಢದ ಗಾಳಿ ಕೊಡೆಯನ್ನೇ ಕಿತ್ತುಕೊಳ್ಳುವ ಹಾಗೆ ಬೀಸುತ್ತಿರುವಾಗ, ಸೊಪ್ಪಿನ ಒಳಗಿನಿಂದ ಸಣ್ಣಗೆ, ಆದರೆ ಸ್ಪಷ್ಟವಾಗಿ ದನಿ ಬಂತು: "ಮೇಷ್ಟ್ರೇ. ತ್ರೈರಾಶಿ ಎಲ್ಲೀಗಂಟ ಆಯ್ತು ಮೇಷ್ಟ್ರೇ?" ಅವನ ಕಾಲು ನಿಂತಿತು. ಎಣಿಸಿದರೆ ಹತ್ತು ಉಸಿರಿನಷ್ಟು ಹೊತ್ತು ನಿಂತಿರಬಹುದು. ಉತ್ತರ ನಾಲಗೆಯ ತುದಿಯಲ್ಲೇ ಇತ್ತು, ನಲವತ್ತೆರಡನೆಯ ಲೆಕ್ಕದ ತನಕ. ಅಷ್ಟನ್ನು ತಿರುಗದೆಯೂ ಹೇಳಬಹುದಾಗಿತ್ತು, ಗಾಳಿಗೆ ಹೇಳಿದ ಹಾಗೆ ಹೇಳಬಹುದಾಗಿತ್ತು. ಹೊಲದ ಆ ತುದಿಯಲ್ಲಿ ಯಾರೋ ಬಗ್ಗಿಕೊಂಡು ಕಳೆ ಕೀಳುತ್ತಿದ್ದರು. ಯಾರು ಅಂತ ಅವನು ನೋಡಲಿಲ್ಲ. ಕೊಡೆಯನ್ನು ಇನ್ನೂ ತಗ್ಗಿಸಿ ಹೆಜ್ಜೆ ಹಾಕಿದ. ಇನ್ನೊಂದು ಸಲ "ಮೇಷ್ಟ್ರೇ" ಅಂದದ್ದೂ ಕೇಳಿಸಿತು, ಆಗ ಅವನು ಹೆಚ್ಚುಕಡಿಮೆ ಓಡುತ್ತಿದ್ದ.

ಹಾಗೆ ನೋಡಿದರೆ ಅವನಿಗೆ ಹೆದರಿಕೆ ಯಾತರದು? ಲಿಂಗ ಕಟ್ಟಿದ ಮೇಲೆ ಸೂತಕ ಎಲ್ಲಿಯದು ಅಂತ ಕಳೆದ ಶಿವರಾತ್ರಿಯಲ್ಲಿ ಪುರವರದ ಮಠದ ಅಂಗಳದಲ್ಲಿ ಮುಕ್ಕಾಲು ಗಂಟೆ ಮಾತಾಡಿ ಭೇಷ್ ಅನ್ನಿಸಿಕೊಂಡವನು ಅವನು. ಅವನ ಮನೆಯಲ್ಲಿ ಹೆಂಡತಿ ಕರಿಬಸಮ್ಮ ತಿಂಗಳ ಮೂವತ್ತು ದಿನವೂ ಅಡಿಗೆ ಮಾಡುತ್ತಿದ್ದಳು, ಪೂಜೆ ಮಾಡುತ್ತಿದ್ದಳು. ಅವನ ತಾಯಿ ಮಾಡಿದ್ದೂ ಹಾಗೆಯೇ. ಆದರೂ ಗುಡ್ಲಿನ ಮುಂದೆ ಅವನದು ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಅವತ್ತು ಸಂಜೆ ಮುದ್ದೆ ಮುರಿಯುತ್ತ ಅವನು ಸುಮ್ಮನಿದ್ದದ್ದು ಕಂಡು ಕರಿಬಸಮ್ಮ, "ಆ ಹುಡುಗಿ ಬರೋ ಹೋಗೋರನ್ನೆಲ್ಲ ಪಾಠ ಕೇಳುತ್ತಾಳಂತೆ. ಪುಸ್ತಕ ಕೊಡಿ, ನಾನೇ ಹೋಗಿ ಕೊಟ್ಟು ಬರುತ್ತೀನಿ. ಎಲ್ಲೀತನಕ ಆಗಿದೆ ಅಂತ ಗುರುತು ಹಾಕಿ ಕೊಡಿ, ಸಾಕು" ಅಂದಳು. ಆಗಲೂ ಅವನಿಗೆ ಒಂದು ಬಾಗಿಲು ತೆರೆದಿತ್ತು. "ನಿನಗ್ಯಾಕೆ ಊರ ಉಸಾಬರಿ" ಎಂದು ಗದರಿದ. ಕರಿಬಸಮ್ಮ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು, ಆಮೇಲೆ ಆ ಮಾತು ಎತ್ತಲಿಲ್ಲ. ಹದಿನೇಳನೆಯ ದಿನ ಗುಡ್ಲು ಸುಟ್ಟು, ನೀರು ಹಾಕಿಸಿಕೊಂಡು, ಹೊಸ ಲಂಗ ಉಟ್ಟು ಶಾಲೆಗೆ ಬಂದ ಕದರಮ್ಮ ಮೊದಲು ಮಾಡಿದ್ದು ಬಿಟ್ಟುಹೋದ ಲೆಕ್ಕಗಳನ್ನು ಪಕ್ಕದವಳ ಲೆಕ್ಕದ ಪುಸ್ತಕದಿಂದ ಇಳಿಸಿಕೊಂಡದ್ದು. ಮಧ್ಯಾಹ್ನ ಮೇಜಿನ ಹತ್ತಿರ ಬಂದು ನಗುತ್ತ ಹೇಳಿದಳು: "ಒಂದಿನ ನಿಮ್ಮನ್ನ ಕೂಗ್ದೆ ಮೇಷ್ಟ್ರೇ. ಗಾಳಿ ಜೋರಾಗಿತ್ತಲ್ಲ, ನಿಮ್ಗೆ ಕೇಳಿಸ್ಲಿಲ್ಲ." "ಹೌದೇ? ಕೇಳಿಸಲಿಲ್ಲ" ಅಂದ ಚಂದ್ರಶೇಖರಯ್ಯ. ಅಷ್ಟು ಸಲೀಸಾಗಿ ಬಂದ ಸುಳ್ಳು ಅವನ ಜೀವಮಾನದಲ್ಲಿ ಇನ್ನೊಂದಿಲ್ಲ.

"ಗುಂಡಗಲ್ಲು ಶಾಲೆ!" ರೇಣುಕಯ್ಯ ಬಾಗಿಲಲ್ಲಿ ನಿಂತು ಕೂಗಿದ. ಚಂದ್ರಶೇಖರಯ್ಯ ರುಮಾಲು ಸರಿಮಾಡಿಕೊಂಡು ಒಳಗೆ ಹೋದ. ಗೋಡೆಯ ಮೇಲೆ ಮಹಾರಾಜರ ಪಟ, ಅದರ ಕೆಳಗೆ ಮೇಜು, ಮೇಜಿನ ಹಿಂದೆ ಕನ್ನಡಕ ಹಾಕಿದ, ನಲವತ್ತರ ಆಜುಬಾಜಿನ ನಾಗರತ್ನಮ್ಮನವರು. ಆಕೆಯ ಎಡಕ್ಕಿದ್ದ ಕಿಟಕಿ ತೆರೆದಿತ್ತು. ಆಚೆಗೆ ಬೇವಿನ ಮರ, ಮರದಡಿ ಓಬಳಯ್ಯನ ಕೆಂಪು ಪೇಟ ಕಾಣುತ್ತಿತ್ತು. "ಕೂತ್ಕೊಳ್ಳಿ" ಎಂದರು. ಅವನು ಕೂರಲಿಲ್ಲ. ಆಕೆ ಹಾಜರಿ ಪುಸ್ತಕ ಇಸಿದುಕೊಂಡು, ಪುಟ ತಿರುವಿ ಅದೇ ಜಾಗಕ್ಕೆ ಬಂದರು.

"ಹದಿನಾರು ದಿನ ಜ್ವರ. ಎಂಥ ಜ್ವರ ಮೇಷ್ಟ್ರೇ?"

"ಸಾಮಾನ್ಯ ಜ್ವರ, ಅಮ್ಮಾವರೇ."

"ಸಾಮಾನ್ಯ ಜ್ವರ ಹದಿನಾರು ದಿನ ಇರುತ್ತದೆಯೇ? ಈ ಸುತ್ತಿನಲ್ಲಿ ಪ್ಲೇಗು ಬಂದು ಹೋಗಿ ವರ್ಷ ಆಗಿಲ್ಲ. ಪಟೇಲರಿಗೆ ತಿಳಿಸಿದಿರಾ? ಅವಳ ಪಕ್ಕ ಕೂರುವ ಮಕ್ಕಳನ್ನು ಬೇರೆ ಕೂರಿಸಿದಿರಾ?"

ಚಂದ್ರಶೇಖರಯ್ಯ ಬಾಯಿ ತೆರೆದ. ಈಗ ಹೇಳಬೇಕು. ಒಂದೇ ಮಾತು, ಊರಿನ ಹೆಂಗಸರು ಬಾವಿಕಟ್ಟೆಯಲ್ಲಿ ದಿನ ಬೆಳಗಾದರೆ ಆಡುವ ಮಾತು. ದೊಡ್ಡವಳಾದಳು ಅನ್ನಲೇ? ಮೈನೆರೆದಳು ಅನ್ನಲೇ? ಪುಸ್ತಕದ ಮಾತಿನಲ್ಲಿ ಹೇಳಿದರೆ ಇನ್ನೂ ಅಸಹ್ಯ. ಎದುರಿಗೆ ಕೂತಿರುವವರು ಹೆಂಗಸು, ಮೇಲಾಗಿ ಅಧಿಕಾರಿ. ಒಂದು ವೇಳೆ ಆಕೆ ಮುಖ ತಿರುಗಿಸಿಬಿಟ್ಟರೆ? ತೆರೆದ ಬಾಯಿ ಮುಚ್ಚಿಕೊಂಡು ಪುಸ್ತಕದ ಕಡೆ ನೋಡಿದ. ಅದಕ್ಕೆ ನಾಗರತ್ನಮ್ಮನವರು ತಮ್ಮದೇ ಅರ್ಥ ಹಚ್ಚಿದರು. "ನೋಡಿ, ಇಂಥ ಜ್ವರಗಳನ್ನು ನಾನು ಬಹಳ ನೋಡಿದ್ದೇನೆ. ಹುಡುಗಿಗೆ ಮದುವೆ ಮಾಡಿ ಗಂಡನ ಮನೆಗೆ ಕಳಿಸಿರುತ್ತಾರೆ, ಇಲ್ಲಿ ಪುಸ್ತಕದಲ್ಲಿ ಜ್ವರ ಅಂತ ಇರುತ್ತದೆ, ಅಲ್ಲಿ ಸ್ಕಾಲರ್‌ಶಿಪ್ ಹೋಗುತ್ತಲೇ ಇರುತ್ತದೆ. ಮದುವೆ ಆಗಿದೆಯೇ ಇವಳಿಗೆ?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಕದಿಯದ ಕುಂಬಳಕಾಯಿಗೂ ಚಂದ್ರಶೇಖರಯ್ಯ ಬೆವರಿದ. "ಇಲ್ಲ, ಇಲ್ಲ, ಅಮ್ಮಾವರೇ" ಅಂದದ್ದು ಅವನ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು.

ಹುಡುಗಿಯನ್ನು ಕರೆಸಿದರು. ಕದರಮ್ಮ ಹೊಸ್ತಿಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಒಳಗೆ ಬಂದಳು. ನಾಗರತ್ನಮ್ಮನವರು ಮೊದಲು ಅವಳ ಕೊರಳು ನೋಡಿದರು, ಆಮೇಲೆ ಕಾಲಿನ ಬೆರಳು. "ನಿನಗೆ ಏನಾಗಿತ್ತಮ್ಮ? ಹದಿನಾರು ದಿನ ಜ್ವರ ಬಂದಿತ್ತಾ?"

ಹುಡುಗಿ ಮೇಷ್ಟರ ಕಡೆ ನೋಡಿದಳು. ಅವಳಿಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ. "ಜ್ವರ ಯಾಕ್ ಬರ್ತದೆ ಅಮ್ಮೋರೇ? ದೊಡ್ಡೋಳಾಗಿದ್ದೆ. ಗುಡ್ಲಾಗೆ ಕುಂಡ್ರಿಸಿದ್ರು. ನಮ್ಮಾವ ಹೊಂಗೆ ಸೊಪ್ಪಿಂದು ಹಾಕಿದ್ದ." ಬೆಳಿಗ್ಗೆ ಏನು ತಿಂದೆ ಅಂದರೆ ಮುದ್ದೆ ಅನ್ನುವಷ್ಟೇ ಸಹಜವಾಗಿ ಹೇಳಿದಳು.

ನಾಗರತ್ನಮ್ಮನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇಷ್ಟೇಯೇನ್ರೀ?" ಎಂದರು. ದನಿ ಏರಲಿಲ್ಲ, ಏರಿದ್ದರೆ ಚೆನ್ನಾಗಿತ್ತು. "ಇದನ್ನು ಬರೆಯುವುದಕ್ಕೆ ಏನಾಗಿತ್ತು ನಿಮಗೆ? ಒಂದು ಸಾಲು ಬರೆದಿದ್ದರೆ ಮನ್ನಿಸುವ ಅಧಿಕಾರ ನನಗೇ ಇದೆ. ನಾನೂ ಹೆಂಗಸಲ್ಲವೇ? ಈ ನಾಲ್ಕು ತಾಲ್ಲೂಕಿನಲ್ಲಿ ಹೆಣ್ಣುಮಕ್ಕಳು ಶಾಲೆ ಬಿಡುವುದು ಬಡತನಕ್ಕೆ ಎಷ್ಟೋ, ಇದಕ್ಕೂ ಅಷ್ಟೇ. ಆ ದಿನ ಹೋದವರು ತಿರುಗಿ ಬರುವುದಿಲ್ಲ. ತಿರುಗಿ ಬಂದವಳು ಇವಳೊಬ್ಬಳು, ಇವಳ ಹೆಸರಿನ ಮುಂದೆ ನೀವು ಸುಳ್ಳು ಬರೆದಿದ್ದೀರಿ." ಚಂದ್ರಶೇಖರಯ್ಯ ನೆಲ ನೋಡುತ್ತಿದ್ದ. ನೆಲಕ್ಕೆ ಕಡಪ ಕಲ್ಲು ಹಾಸಿದ್ದರು, ಒಂದು ಕಲ್ಲು ಮೂಲೆಯಲ್ಲಿ ಒಡೆದಿತ್ತು. "ಹುಡುಗಿಯ ಸ್ಕಾಲರ್‌ಶಿಪ್ ವಿಚಾರ ಆಮೇಲೆ. ಹಾಜರಿ ಪುಸ್ತಕದ ಸುಳ್ಳನ್ನು ಮಾತ್ರ ನಾನು ಬಿಡುವ ಹಾಗಿಲ್ಲ, ಮೇಲಕ್ಕೆ ಬರೆಯಬೇಕಾಗುತ್ತದೆ." ಆಮೇಲೆ ಆಕೆ ಒಂದು ಚೀಟಿ ಎಳೆದು ಅದರ ಮೇಲೆ ಏನೋ ಬರೆದು ಹುಡುಗಿಗೆ ಕೊಟ್ಟರು. ತ್ರೈರಾಶಿಯ ಲೆಕ್ಕ. ಹನ್ನೆರಡು ಆಳು ಎಂಟು ದಿನದಲ್ಲಿ ಕಟ್ಟುವ ಗೋಡೆ. ಕದರಮ್ಮ ಅಲ್ಲೇ ನೆಲದ ಮೇಲೆ ಕೂತು, ತುಟಿ ಅಲುಗಿಸುತ್ತ, ಮಾಡಿ ಕೊಟ್ಟಳು. ನಾಗರತ್ನಮ್ಮನವರು ನೋಡಿದರು, ಇನ್ನೊಮ್ಮೆ ನೋಡಿದರು. "ಸರಿಯಾಗಿದೆ. ಪಾಠದ ಪಟ್ಟಿಯ ಪ್ರಕಾರ ಆ ದಿನಗಳಲ್ಲೇ ಅಲ್ಲವೇ ಈ ಪಾಠ ಆದದ್ದು? ನೀನು ಗುಡಿಸಲಲ್ಲಿದ್ದೆಯಲ್ಲ, ಯಾರು ಹೇಳಿಕೊಟ್ಟರು?"

ಕದರಮ್ಮ ಎದ್ದು ನಿಂತಳು. ತಲೆ ತಗ್ಗಿಸಿ ನಿಂತಿದ್ದ ಮೇಷ್ಟರನ್ನು ಒಂದು ಗಳಿಗೆ ನೋಡಿದಳು. ತನಗೆ ಅ ಆ ತಿದ್ದಿಸಿದವರು, ಅಪ್ಪನ ಜೊತೆ ಜಗಳ ಆಡಿ ಶಾಲೆಗೆ ಎಳೆದುಕೊಂಡು ಬಂದವರು, ಹೀಗೆ ಬೈಸಿಕೊಂಡು ನಿಂತದ್ದನ್ನು ಅವಳು ಕಂಡಿರಲಿಲ್ಲ.

"ಮೇಷ್ಟ್ರೇ ಏಳ್ಕೊಟ್ರು ಅಮ್ಮೋರೇ. ಇಸ್ಕೂಲ್ಗೆ ಓಗ್ತಾ ಬದಿನ ಮ್ಯಾಲೆ ನಿಂತ್ಕಂಡು ಏಳೋರು, ನಾನು ಒಳ್ಗಿಂದ ಕೇಳುಸ್ಕಳೋಳು. ದಿನಾ ಏಳೋರು."

ಪಕ್ಕದಲ್ಲಿ ಬರೆಯುತ್ತಿದ್ದ ರೇಣುಕಯ್ಯನ ಲೇಖನಿ ನಿಂತಿತು. "ಹೌದೇನ್ರೀ?" ಎಂದು ನಾಗರತ್ನಮ್ಮನವರು ಕೇಳಿದಾಗ ಚಂದ್ರಶೇಖರಯ್ಯನ ಗಂಟಲಿನಿಂದ ಒಂದು ಸದ್ದು ಬಂತು. ಅದು ಹೂಂ ಅಂದ ಹಾಗಿತ್ತು. ಅವನು ಹೂಂ ಅಂದನೋ ಇಲ್ಲವೋ ಅವನಿಗೇ ತಿಳಿಯದು. ಅಲ್ಲ ಅಂದರೆ ಹುಡುಗಿ ಅಧಿಕಾರಿಯ ಮುಂದೆ ಸುಳ್ಳುಗಾತಿ ಆಗುತ್ತಾಳೆ, ಸ್ಕಾಲರ್‌ಶಿಪ್ ಅಲ್ಲಿಗೇ ಮುಗಿಯಿತು ಎಂದು ತನಗೆ ತಾನೇ ಹೇಳಿಕೊಂಡ. ಅದು ನಿಜವೂ ಆಗಿತ್ತು. ಆದರೆ ಆ ನಿಜದ ಮರೆಯಲ್ಲಿ ತನ್ನ ತಲೆಯೂ ಉಳಿಯುತ್ತಿದೆ ಅನ್ನುವುದು ಅವನಿಗೆ ಕಾಣದೆ ಹೋಗಲಿಲ್ಲ. ನಾಗರತ್ನಮ್ಮನವರ ಮುಖ ಮೆತ್ತಗಾಗಿತ್ತು. "ನಮ್ಮ ತಂದೆ ಇಂಗ್ಲಿಷ್ ಓದಿದವರು. ಆ ದಿನಗಳಲ್ಲಿ ನಾನು ಮುಟ್ಟಿದ ಪುಸ್ತಕವನ್ನು ಅವರು ಮುಟ್ಟುತ್ತಿರಲಿಲ್ಲ" ಎಂದು ತಮ್ಮಷ್ಟಕ್ಕೆ ಅಂದರು. ಆಮೇಲೆ ಲೇಖನಿ ಎತ್ತಿಕೊಂಡು, ಬರೆಯುತ್ತಲೇ ಗಟ್ಟಿಯಾಗಿ ಓದಿದರು: ಗೈರುಹಾಜರಿ ಮನ್ನಿಸಲಾಗಿದೆ, ಸ್ಕಾಲರ್‌ಶಿಪ್ ಮುಂದುವರಿಸತಕ್ಕದ್ದು, ಉಪಾಧ್ಯಾಯರು ಸಂಕೋಚದಿಂದ ಕಾರಣವನ್ನು ತಪ್ಪಾಗಿ ಬರೆದಿದ್ದರೂ ವಿದ್ಯಾರ್ಥಿನಿಯ ಪಾಠ ತಪ್ಪದಂತೆ ವಹಿಸಿರುವ ಶ್ರದ್ಧೆ ಮೆಚ್ಚತಕ್ಕದ್ದಾಗಿದೆ. ಚಂದ್ರಶೇಖರಯ್ಯ ತೋರಿಸಿದ ಕಡೆ ರುಜು ಹಾಕಿದ. ಹನ್ನೊಂದು ವರ್ಷದಲ್ಲಿ ಅವನನ್ನು ಮೆಚ್ಚಿ ಯಾರೂ ಒಂದು ಸಾಲು ಬರೆದಿರಲಿಲ್ಲ.

ಹೊರಗೆ ಬಂದಾಗ ಓಬಳಯ್ಯ ಮರದಡಿ ಇರಲಿಲ್ಲ, ಕಿಟಕಿಯ ಕೆಳಗೆ ನಿಂತಿದ್ದ. "ಮಂಜೂರಾಯಿತು" ಅಂದರೆ ಅವನು ತಲೆಯಾಡಿಸಿದ, ಅಷ್ಟೆ. ಪೇಟವನ್ನು ಬಿಚ್ಚಿ ಮತ್ತೆ ಸುತ್ತಿಕೊಂಡು ಬಸ್ಸಿನ ಕಡೆ ಮುಂದೆ ಮುಂದೆ ನಡೆದ. ಕೋಟೆಯ ಹೆಬ್ಬಾಗಿಲು ದಾಟಿ, ಜನ ಇಲ್ಲದ ಕಡೆ ಬಂದಾಗ ನಿಂತು ತಿರುಗಿದ. ಎರಡು ವರ್ಷದಿಂದ ಅವನ ಮುಖದಲ್ಲಿ ಮೇಷ್ಟರ ಮುಂದೆ ತಾನೇತಾನಾಗಿ ಬರುತ್ತಿದ್ದ ವಿನಯ ಈಗ ಇರಲಿಲ್ಲ.

"ಕಿಟ್ಕಿ ತಾವಿದ್ದೆ ಸ್ವಾಮಿ, ಎಲ್ಲಾ ಕೇಳಿಸ್ತು. ನೀವು ಗುಡ್ಲ ತಾವ ಬತ್ತಿದ್ದಿದ್ದು ದಿಟವಾ?"

"ಇಲ್ಲ ಕಣಪ್ಪ" ಎಂದು ಕದರಮ್ಮನೇ ನಡುವೆ ಬಾಯಿ ಹಾಕಿದಳು. "ನಾನೇ ಸುಳ್ಳೇಳ್ದೆ. ಮೇಷ್ಟ್ರುನ್ನ ಅಂಗೆ ಬೈತಿದ್ರಲ್ಲ, ಅದ್ಕೇ."

"ನೀನ್ ಸುಮ್ಕಿರಮ್ಮಿ. ಆಪೀಸರಮ್ಮನ ತಾವ ಒಂದು, ಅಪ್ಪನ ತಾವ ಒಂದಾ?" ಓಬಳಯ್ಯ ಮೇಷ್ಟರ ಮುಖದಿಂದ ಕಣ್ಣು ತೆಗೆಯಲಿಲ್ಲ. "ಅವತ್ತೇ ಬೊಮ್ಮಣ್ಣ ಅಂದ. ಕಳೆ ಕೀಳ್ತಿದ್ದೆ, ಮೇಷ್ಟ್ರು ಗುಡ್ಲ ತಾವ ನಿಂತಿದ್ರು ಕಣ್ ಭಾವ ಅಂತ. ನಾನು ಅವ್ನಿಗೇ ಉಗ್ದೆ. ಈಗ ನನ್ ಮಗ್ಳೇ ಇಂಗಂತಾಳೆ. ಗುಡ್ಲಾಗಿರೋ ಹೆಣ್ಣಿನ ತಾವ ಗಂಡ್ಸು ದಿನಾ ಬತ್ತಿದ್ದ ಅಂದ್ರೆ ನಾಳೆ ಊರ್ನಾಗೆ ಇವ್ಳುನ್ನ ಯಾರ್ ಕೇಳ್ತಾರೆ ಸ್ವಾಮಿ? ನಂಗೆ ಸರ್ಕಾರದ ದುಡ್ಡೂ ಬ್ಯಾಡ, ಇಸ್ಕೂಲೂ ಬ್ಯಾಡ. ಬೊಮ್ಮಣ್ಣಂಗೆ ಇವತ್ತೇ ಮಾತು ಕೊಟ್ಬುಡ್ತೀನಿ."

"ಅಪ್ಪಾ, ಅವ್ರು ಬಂದೇ ಇರ್ಲಿಲ್ಲ. ಒಂದಿನ ನಾನೇ ಕೂಗ್ದೆ, ಪಾಠ ಕೇಳಾಕೆ. ಗಾಳಿಗೆ ಅವ್ರಿಗೆ ಕೇಳಿಸ್ಲೇ ಇಲ್ಲ. ಸುಮ್ಕೆ ಓದ್ರು."

"ಕೇಳಿಸ್ದೇ ಇದ್ದೋರು ಯಾಕಮ್ಮಿ ಅಲ್ಲೇ ನಿಂತ್ಕಂಡ್ರು?"

ಅದಕ್ಕೆ 'ಚಪ್ಪಲಿಗೆ ಮುಳ್ಳು ಹೊಕ್ಕಿತ್ತು' ಅನ್ನಬಹುದಾಗಿತ್ತು. ಚಂದ್ರಶೇಖರಯ್ಯನಿಗೆ ಆ ಮಾತು ಹೊಳೆಯಿತು, ಬಾಯಿಯ ತನಕವೂ ಬಂತು. ಓಬಳಯ್ಯ ನಂಬಿದರೂ ನಂಬಬಹುದು, ಆದರೆ ನಂಬದೆ ಹೋದರೆ ಹುಡುಗಿ ಮಾಘದಲ್ಲಿ ಬೊಮ್ಮಣ್ಣನ ಮನೆಯ ಹಟ್ಟಿ ಗುಡಿಸುತ್ತಿರುತ್ತಾಳೆ. ಪಕ್ಕದಲ್ಲಿ ಕದರಮ್ಮ ಅವನನ್ನೇ ನೋಡುತ್ತಿದ್ದಳು, ಸ್ಲೇಟು ತೋರಿಸಿ ಸರಿಯೋ ತಪ್ಪೋ ಅಂತ ಕಾಯುವಾಗ ನೋಡುವ ಹಾಗೆ, ಪೂರ್ತಿ ನಂಬಿಕೆಯಿಂದ. ಅವಳು ಅಲ್ಲಿ ಇಲ್ಲದೆ ಹೋಗಿದ್ದರೆ ಎಷ್ಟು ಸುಲಭವಿತ್ತು. "ನೀನು ಸ್ವಲ್ಪ ಮುಂದೆ ಹೋಗಿರಮ್ಮ" ಅನ್ನಬೇಕೆಂದುಕೊಂಡ. ಹಾಗಂದರೆ ಓಬಳಯ್ಯನ ಅನುಮಾನ ಇನ್ನೂ ಬಲಿಯುತ್ತದೆ.

"ಕೇಳಿಸಿತು ಓಬಳಯ್ಯ" ಎಂದ. ತನ್ನ ದನಿ ಅವನಿಗೆ ಬೇರೆ ಯಾರದೋ ಅನ್ನಿಸಿತು. "ಕೇಳಿಸಿತು ಅಂತಲೇ ನಿಂತೆ. ತಿರುಗಿ ನೋಡಲಿಲ್ಲ, ಒಂದು ಮಾತು ಆಡಲಿಲ್ಲ. ಯಾರಾದರೂ ಕಂಡರೆ ಏನಂದುಕೊಂಡಾರು ಅಂತ ಹೆದರಿ, ಕಿವುಡನ ಹಾಗೆ ಹೊರಟುಹೋದೆ. ಅವಳು ಎರಡನೆಯ ಸಲ ಕೂಗಿದ್ದೂ ಕೇಳಿಸಿತು. ಅವತ್ತೊಂದೇ ದಿನ ನಾನು ಅಲ್ಲಿ ನಿಂತದ್ದು. ನನ್ನ ಲಿಂಗದ ಮೇಲಾಣೆ."

ಓಬಳಯ್ಯನ ಮುಖ ಅರಳಿತು. "ಅಷ್ಟೇಯಾ! ಮದ್ಲೇ ಅನ್ಬಾರ್ದಾ ಸ್ವಾಮಿ, ನನ್ ಜೀವ ಓಗಿತ್ತಲ್ಲ. ಕರೆದ್ರೂ ತಿರುಗ್ದೆ ಓದ್ರಲ್ಲ, ಇದಪ್ಪ ಮರ್ವಾದಸ್ತರು ಅಂದ್ರೆ. ನಿಮ್ಮಂತೋರ ತಾವಲ್ದೆ ಇನ್ಯಾರ ತಾವ ಕಳುಸ್ಲಿ ನನ್ ಮಗ್ಳುನ್ನ? ನಾಳೆಯಿಂದ್ಲೇ ಬತ್ತಾಳೆ. ಬೊಮ್ಮಣ್ಣಂಗೆ ನಾನ್ ಏಳ್ಕಂತೀನಿ ಬುಡಿ." ಬಗ್ಗಿ ಕಾಲು ಮುಟ್ಟಲು ಬಂದವನನ್ನು ಚಂದ್ರಶೇಖರಯ್ಯ ತೋಳು ಹಿಡಿದು ತಡೆದ. ಒಂದೇ ದಿನ ಎರಡು ಮೆಚ್ಚುಗೆ, ಒಂದು ಮಾಡದ ಕೆಲಸಕ್ಕೆ, ಇನ್ನೊಂದು ಮಾಡಿದ ಹೇಡಿತನಕ್ಕೆ. ಓಬಳಯ್ಯ ಬಸ್ಸಿನ ಹೊತ್ತು ಕೇಳಿಕೊಂಡು ಬರುತ್ತೇನೆ ಅಂತ ಹಗುರಾಗಿ, ಹೆಚ್ಚುಕಡಿಮೆ ಹುಡುಗನ ಹಾಗೆ ಮುಂದಕ್ಕೆ ಹೋದ.

ಅವರಿಬ್ಬರೇ ಉಳಿದರು. ಹುಡುಗಿ ಅಳುತ್ತಿರಲಿಲ್ಲ, ಸಿಟ್ಟೂ ಇರಲಿಲ್ಲ. ಇನ್ನು ಮೂರು ವರ್ಷ ಅವಳು ತಪ್ಪದೆ ಶಾಲೆಗೆ ಬರುತ್ತಾಳೆ, ಲೋಯರ್ ಸೆಕೆಂಡರಿ ಪಾಸು ಮಾಡುತ್ತಾಳೆ, ತುಮಕೂರಿಗೆ ಹೋಗಿ ಮೇಷ್ಟರಮ್ಮನೇ ಆದರೂ ಆಗಬಹುದು. ಅದು ಉಳಿಯಿತು, ಅದನ್ನು ತಾನೇ ಉಳಿಸಿದ್ದು ಎಂದು ಚಂದ್ರಶೇಖರಯ್ಯ ಮನಸ್ಸಿನಲ್ಲೇ ಒಂದೊಂದಾಗಿ ಹೇಳಿಕೊಂಡ. ಏನಾದರೂ ಕೇಳಲಿ ಎಂದು ಕಾದ. ಕದರಮ್ಮ ಲಂಗಕ್ಕೆ ಅಂಟಿದ ಧೂಳು ಕೊಡವಿಕೊಂಡಳು. ಆಮೇಲೆ, ಅವನ ಮುಖ ನೋಡದೆ, "ನಾನು ಗಾಳಿ ಅಂದ್ಕಂಡಿದ್ದೆ ಮೇಷ್ಟ್ರೇ" ಎಂದಳು. ಅಪ್ಪ ಹೋದ ಕಡೆಗೆ ನಡೆದಳು.